ರಾಷ್ಟ್ರಪತಿ ಪೀಠದಲ್ಲಿ ಕುಳಿತ ಕನ್ನಡಿಗ ಬಿ. ಡಿ. ಜತ್ತಿ

ಶಾಲೆಯ ರಸಪ್ರಶ್ನೆ ಸ್ಪರ್ಧೆಯಲ್ಲಿ ನಾವೊಂದು ಪ್ರಶ್ನೆ ಕೇಳಿದ್ದೆವು. ಭಾರತದ ರಾಷ್ಟ್ರಪತಿಯ ಪೀಠದಲ್ಲಿ ಕುಳಿತ ಕನ್ನಡಿಗರು ಯಾರು? ಮೂರು ತಂಡಗಳು ಸುಮ್ಮನಿದ್ದವು. ನಾಲ್ಕನೆಯ ತಂಡದ ಹುಡುಗಿ ಬಿ. ಡಿ. ಜತ್ತಿ ಎಂದಳು. ಅಂಕ ಕೊಡಬೇಕೆನ್ನುವಷ್ಟರಲ್ಲಿ ಅವರು ಹಂಗಾಮಿ ರಾಷ್ಟ್ರಪತಿ, ಚುನಾಯಿತರಲ್ಲ ಎಂದು ಸಭೆಯಿಂದ ತಕರಾರು ಬಂತು. ಸ್ಪರ್ಧೆ ಮುಗಿದು ಮಾಸ್ತರರ ಕೋಣೆಯಲ್ಲಿ ಚಹಾ ಕುಡಿಯುವಾಗ ಮಾತು ಬೇರೆಯೇ ದಾರಿ ಹಿಡಿಯಿತು. ಜತ್ತಿಯವರು ಆ ಪದವಿಗೆ ಯೋಗ್ಯರಾಗಿದ್ದರೇ ಎಂಬುದೇ ವಾದದ ವಿಷಯವಾಯಿತು. ಸಹಿ ಹಾಕದೆ ದೇಶವನ್ನು ಕಾಯಿಸಿದ ಮನುಷ್ಯ ಅವರಲ್ಲವೇ ಎಂದು ನಿವೃತ್ತಿಯ ಅಂಚಿನಲ್ಲಿರುವ ಹಿರಿಯರೊಬ್ಬರು ಮೂದಲಿಸಿದರು. ಯೋಚಿಸಿ ಸಹಿ ಹಾಕುವುದು ತಪ್ಪಾದದ್ದು ಯಾವಾಗಿನಿಂದ ಎಂದು ಇನ್ನೊಬ್ಬರು ಕೇಳಿದರು. ಗಂಟೆ ಬಾರಿಸಿತು, ವಾದ ಅಲ್ಲಿಗೇ ನಿಂತಿತು. ಆದರೆ ನಮ್ಮ ಮನಸ್ಸಿನಲ್ಲಿ ನಿಲ್ಲಲಿಲ್ಲ.

ಅದಾದ ರಜೆಯಲ್ಲಿ ಮದುವೆಯೊಂದರ ನಿಮಿತ್ತ ನಾವು ಗಡಹಿಂಗ್ಲಜಕ್ಕೆ ಹೋಗಿದ್ದೆವು. ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಗೆ ಸೇರಿದ, ಹಿರಣ್ಯಕೇಶಿ ಹೊಳೆಯ ಬದಿಯ ಊರು ಅದು. ಅಂಗಡಿಯ ಹಲಗೆ, ಬಸ್ಸಿನ ಫಲಕ ಎಲ್ಲವೂ ಮರಾಠಿ. ಆದರೆ ನಾವು ಉಳಿದುಕೊಂಡ ಮನೆಯ ಅಡುಗೆಕೋಣೆಯ ಮಾತು ಕನ್ನಡ. ಅಜ್ಜಿ ಮೊಮ್ಮಗಳನ್ನು ಕನ್ನಡದಲ್ಲಿ ಗದರಿದರೆ ಮೊಮ್ಮಗಳು ಮರಾಠಿಯಲ್ಲಿ ಎದುರಾಡುತ್ತಾಳೆ. ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರುದಿನ ಇಚಲಕರಂಜಿಯಲ್ಲಿ, ವಿದ್ಯುತ್ ಮಗ್ಗಗಳ ಸದ್ದಿನ ನಡುವೆ, ಬೀಗರ ಪೈಕಿ ವೃದ್ಧರೊಬ್ಬರ ಪರಿಚಯವಾಯಿತು. ರಬಕವಿ-ಬನಹಟ್ಟಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದು ಅಲ್ಲಿಯೇ ನೆಲೆನಿಂತ ಮನೆತನ ಅವರದು. ಜತ್ತಿಯವರ ಮಾತೆತ್ತಿದಾಗ ಅವರ ಮುಖ ಅರಳಿತು. ಜತ್ತಿ ಸಾಹೇಬರು ಕಲಿತದ್ದು ತಮ್ಮ ಕೊಲ್ಲಾಪುರದಲ್ಲಿ, ಹೋಗಿ ಕುಳಿತದ್ದು ದಿಲ್ಲಿಯಲ್ಲಿ ಎಂದು ಹೆಮ್ಮೆಯಿಂದ ಹೇಳಿದರು. ಯೋಗ್ಯರೋ ಅಲ್ಲವೋ ಎಂಬ ಪ್ರಶ್ನೆಯೇ ಅವರಿಗೆ ಇರಲಿಲ್ಲ. ನಮ್ಮವರು ಎಂಬುದಷ್ಟೇ ಸಾಕಾಗಿತ್ತು.

ನಮಗೆ ಅಷ್ಟು ಸಾಲದೆಂದು ತೋರಿತು. ಗಡಿಯಲ್ಲಿರುವ ನಾವು ನಮ್ಮವರನ್ನು ಬೇಗ ಹೊಗಳುತ್ತೇವೆ, ತೂಗಿ ನೋಡುವುದು ಕಡಿಮೆ. ಆದ್ದರಿಂದ ಅವರ ಬಾಳನ್ನು ಮೊದಲಿನಿಂದ ಹೇಳುತ್ತೇವೆ. ತೂಕ ಓದುಗರೇ ನೋಡಲಿ.

ಬಸಪ್ಪ ದಾನಪ್ಪ ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ. ಲಿಂಗಾಯತ ಮನೆತನ. ಆಗ ಜಮಖಂಡಿ ಒಂದು ಪುಟ್ಟ ಸಂಸ್ಥಾನ. ಆಳುವವರು ಮರಾಠಿಯ ಪಟವರ್ಧನ ಮನೆತನದವರು, ಆಳಿಸಿಕೊಳ್ಳುವವರು ಕನ್ನಡದ ರೈತರು, ನೇಕಾರರು. ಹೀಗೆ ಹುಟ್ಟಿನಿಂದಲೇ ಎರಡು ಭಾಷೆಗಳ ನಡುವೆ ಬೆಳೆದ ಹುಡುಗ ಅವರು. ಆ ಸೀಮೆಯಲ್ಲಿ ಹೈಸ್ಕೂಲು ದಾಟಿದ ಮೇಲೆ ಓದಬೇಕೆಂದರೆ ಕಾಲೇಜುಗಳು ಬೆರಳೆಣಿಕೆಯವು. ಹಾಗಾಗಿ ಅವರು ಕೊಲ್ಲಾಪುರದ ದಾರಿ ಹಿಡಿದರು.

ಕೊಲ್ಲಾಪುರ ಎಂದರೆ ಇಂದು ನಮ್ಮವರಿಗೆ ಮಹಾಲಕ್ಷ್ಮಿಯ ಗುಡಿ, ಚಪ್ಪಲಿ, ಬೆಲ್ಲ, ಕುಸ್ತಿ. ಆದರೆ ಶಿಲಾಹಾರ ಅರಸರ ಕಾಲದ ಕನ್ನಡ ಶಾಸನಗಳಿರುವ ಸೀಮೆ ಅದು. 1922ರವರೆಗೆ ಆಳಿದ ಶಾಹೂ ಮಹಾರಾಜರು ಎಲ್ಲ ಜಾತಿಯ ಮಕ್ಕಳೂ ಓದಲೆಂದು ಊರಿನಲ್ಲಿ ಸಮಾಜಕ್ಕೊಂದರಂತೆ ವಿದ್ಯಾರ್ಥಿ ನಿಲಯಗಳಿಗೆ ನೆರವಾದರು. ಲಿಂಗಾಯತ, ಜೈನ, ಮರಾಠಾ, ಮುಸಲ್ಮಾನ ಹುಡುಗರಿಗೆಲ್ಲ ಅಲ್ಲಿ ತಂಗಲು ಜಾಗವಿತ್ತು. ಬೆಳಗಾವಿ, ಬಿಜಾಪುರ ಕಡೆಯ ರೈತರ ಮಕ್ಕಳೂ ಬುತ್ತಿಗಂಟು ಕಟ್ಟಿಕೊಂಡು ಕೊಲ್ಲಾಪುರಕ್ಕೆ ಬರುತ್ತಿದ್ದರು. ಜತ್ತಿಯವರು ರಾಜಾರಾಮ ಕಾಲೇಜಿನಲ್ಲಿ ಪದವಿ ಪಡೆದರು. ಮುಂದೆ ಇದೇ ಕಾಲೇಜಿಗೆ ನಮ್ಮ ವಿನಾಯಕ ಕೃಷ್ಣ ಗೋಕಾಕರು ಪ್ರಾಂಶುಪಾಲರಾಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಕಾನೂನು ಓದಿದ್ದು ಸೈಕ್ಸ್ ಲಾ ಕಾಲೇಜಿನಲ್ಲಿ. 1933ರಲ್ಲಿ ಆರಂಭವಾಗಿ ಈಗ ಶಹಾಜಿ ಲಾ ಕಾಲೇಜು ಎಂದು ಹೆಸರಾಗಿರುವ ಸಂಸ್ಥೆ ಅದು. ರಾಷ್ಟ್ರಪತಿಯ ಅಧಿಕಾರದ ಬಗ್ಗೆ ದೇಶವೇ ಚರ್ಚೆ ಮಾಡುವಂತೆ ಮಾಡಿದವರು ಕಾನೂನಿನ ಮೊದಲ ಪಾಠ ಕೇಳಿದ್ದು ಪಂಚಗಂಗೆಯ ದಂಡೆಯ ಊರಿನಲ್ಲಿ.

ಜಮಖಂಡಿಗೆ ಮರಳಿ ಕೆಲಕಾಲ ವಕೀಲಿ ಮಾಡಿದರು. ದೊಡ್ಡ ವಕೀಲರೆಂಬ ಹೆಸರೇನೂ ಬರಲಿಲ್ಲ. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅದರ ಅಧ್ಯಕ್ಷರಾದರು. ಅಲ್ಲಿಂದ ಸಂಸ್ಥಾನದ ಶಾಸನಸಭೆ, ಅಲ್ಲಿಂದ ಮಂತ್ರಿಪದವಿ, ಕೊನೆಗೆ ದಿವಾನಗಿರಿ. 1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದರೊಂದಿಗೆ ಜತ್ತಿಯವರ ದಿವಾನಗಿರಿಯೂ ಮುಗಿಯಿತು. ಕೂತಿದ್ದ ಕುರ್ಚಿಯನ್ನೇ ಇಲ್ಲವಾಗಿಸುವ ಕೆಲಸ ಅದು. ಅವರು ಅದನ್ನು ಗಲಾಟೆಯಿಲ್ಲದೆ ಮುಗಿಸಿ ಮತ್ತೆ ವಕೀಲಿಗೆ ಹೋದರು.

ಆದರೆ ಹೆಚ್ಚು ದಿನ ಅಲ್ಲಿರಲಿಲ್ಲ. 1949ರಲ್ಲಿ ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣಗೊಂಡರು. ಮುಖ್ಯಮಂತ್ರಿ ಬಿ. ಜಿ. ಖೇರರಿಗೆ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ಅನಂತರ ಮುಖ್ಯಮಂತ್ರಿಯಾದವರು ಮೊರಾರ್ಜಿ ದೇಸಾಯಿ. ಆ ಸರಕಾರದಲ್ಲಿ ಜತ್ತಿಯವರು ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಕೆಲಸ ನೋಡಿಕೊಂಡರು. ಓದುಗರು ಮೊರಾರ್ಜಿಯವರ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕಾಲು ಶತಮಾನದ ಬಳಿಕ ಇಬ್ಬರೂ ಮತ್ತೆ ಎದುರುಬದುರಾಗುತ್ತಾರೆ.

1956ರ ನವೆಂಬರ್ 1 ಬಂತು. ಆ ಒಂದೇ ದಿನ ಜಮಖಂಡಿ ಮೈಸೂರು ರಾಜ್ಯ ಸೇರಿತು. ಗಡಹಿಂಗ್ಲಜ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ಮೈಸೂರಿಗೆ ಬಾರದೆ ಆಚೆಯೇ ನಿಂತಿತು. ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಕಡಿದು ಕೇರಳಕ್ಕೆ ಹೋಯಿತು. ಜತ್ತಿಯವರ ಊರು ಮೂವತ್ತು-ನಲವತ್ತು ಮೈಲಿ ಪಶ್ಚಿಮಕ್ಕಿದ್ದಿದ್ದರೆ ಅವರ ಬಾಳು ಏನಾಗುತ್ತಿತ್ತೋ ಎಂದು ಇಚಲಕರಂಜಿಯ ಆ ವೃದ್ಧರು ನಗುತ್ತ ಹೇಳಿದ್ದರು. ನಗುವ ಮಾತಲ್ಲ ಅದು.

ಹೊಸ ಮೈಸೂರು ರಾಜ್ಯದಲ್ಲಿ ಅವರಿಗೆ ಸಿಕ್ಕ ಮೊದಲ ಮುಖ್ಯ ಕೆಲಸ ಭೂಸುಧಾರಣಾ ಸಮಿತಿಯ ಅಧ್ಯಕ್ಷತೆ. ಐದು ಕಡೆಗಳಿಂದ ಬಂದು ಸೇರಿದ ರಾಜ್ಯಕ್ಕೆ ಐದು ಬಗೆಯ ಗೇಣಿ ಕಾಯಿದೆಗಳಿದ್ದವು. ಅವನ್ನೆಲ್ಲ ಒಂದು ಮಾಡುವ ಹೊಣೆ ಜತ್ತಿ ಸಮಿತಿಯದು. ಈ ನಡುವೆ ಕಾಂಗ್ರೆಸ್ಸಿನ ಒಳಜಗಳದಿಂದ ನಿಜಲಿಂಗಪ್ಪನವರು ಮುಖ್ಯಮಂತ್ರಿ ಪದವಿ ಬಿಟ್ಟರು. 1958ರ ಮೇ 16ರಂದು ಜತ್ತಿಯವರು ಮುಖ್ಯಮಂತ್ರಿಯಾದರು. ಆಗಲೂ ಯೋಗ್ಯತೆಯ ಪ್ರಶ್ನೆ ಎದ್ದೇ ಇತ್ತು. ಮುಂಬಯಿ ಕಡೆಯಿಂದ ಬಂದ ಮೆದುಮಾತಿನ ಮನುಷ್ಯ ಹಳೇ ಮೈಸೂರಿನ ಘಟಾನುಘಟಿಗಳನ್ನು ಹೇಗೆ ನಿಭಾಯಿಸಿಯಾನು ಎಂಬ ಅನುಮಾನ ಅನೇಕರಿಗಿತ್ತು. ಆದರೂ 1962ರ ಮಾರ್ಚ್‌ವರೆಗೆ ಸುಮಾರು ನಾಲ್ಕು ವರ್ಷ ಅವರು ನಡೆಸಿದರು. ಹಿಂದುಳಿದ ವರ್ಗಗಳ ಬಗ್ಗೆ ನಾಗನಗೌಡ ಸಮಿತಿಯ ನೇಮಕವಾದದ್ದು ಅವರ ಕಾಲದಲ್ಲಿ. 1961ರ ಭೂಸುಧಾರಣಾ ಕಾಯಿದೆ ಬಂದದ್ದೂ ಅವರ ಕಾಲದಲ್ಲಿಯೇ.

ಆ ಕಾಯಿದೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಕುಟುಂಬಕ್ಕೆ 27 ಸ್ಟಾಂಡರ್ಡ್ ಎಕರೆಯ ಮಿತಿಯನ್ನು ಅದು ಹಾಕಿತು. ಜಾರಿಗೆ ಬಂದದ್ದು ಮಾತ್ರ 1965ರ ಅಕ್ಟೋಬರ್ 2ರಂದು. ಕಾಯಿದೆ ಬರುತ್ತದೆಂದು ಗೊತ್ತಾಗಿ ಜಾರಿಗೆ ಬರುವುದರೊಳಗೆ ನಾಲ್ಕು ವರ್ಷ ಸಿಕ್ಕರೆ ದೊಡ್ಡ ಹಿಡುವಳಿಯವರು ಕೈಕಟ್ಟಿ ಕೂರುತ್ತಾರೆಯೇ? ಗೇಣಿದಾರನಿಗೆ ನಿಜವಾಗಿ ಭೂಮಿ ಸಿಕ್ಕಿದ್ದು 1974ರ ತಿದ್ದುಪಡಿಯ ಅನಂತರ, ದೇವರಾಜ ಅರಸರ ಕಾಲದಲ್ಲಿ. ನಮ್ಮ ಕೇರಳದಲ್ಲಿ 1970ರ ಜನವರಿ 1ರಿಂದಲೇ ಗೇಣಿಪದ್ಧತಿ ಅಳಿದದ್ದನ್ನು ಕಂಡ ನಮ್ಮ ಹಿರಿಯರಿಗೆ ಜತ್ತಿಯವರ ಕಾಯಿದೆ ಸಪ್ಪೆಯಾಗಿ ತೋರಿದರೆ ಆಶ್ಚರ್ಯವಿಲ್ಲ. ನಿಧಾನ ಅವರ ಸ್ವಭಾವದಲ್ಲಿಯೇ ಇತ್ತೆಂದು ಹೇಳುವವರಿಗೆ ಇದೊಂದು ಆಧಾರ.

1962ರಲ್ಲಿ ಜಮಖಂಡಿಯಿಂದ ಗೆದ್ದರೂ ಮುಖ್ಯಮಂತ್ರಿ ಪದವಿ ಮತ್ತೆ ಸಿಗಲಿಲ್ಲ. ಎಸ್. ಆರ್. ಕಂಠಿಯವರು ಕೆಲವು ತಿಂಗಳು, ಬಳಿಕ ಮತ್ತೆ ನಿಜಲಿಂಗಪ್ಪನವರು. ಒಮ್ಮೆ ಮುಖ್ಯಮಂತ್ರಿಯಾದವರು ಇನ್ನೊಬ್ಬರ ಕೆಳಗೆ ಮಂತ್ರಿಯಾಗಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಜತ್ತಿಯವರು ಒಪ್ಪಿ ಹಣಕಾಸು, ಆಹಾರ ಖಾತೆಗಳನ್ನು ನೋಡಿಕೊಂಡರು. 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಕಟ್ಟಿದರು. ರಾಜಕೀಯಕ್ಕಿಂತ ಅವರಿಗೆ ಪ್ರಿಯವಾದ ಕೆಲಸ ಇದೇ ಎಂದು ತೋರುತ್ತದೆ. ಏಕೆಂದರೆ ಇದೊಂದನ್ನು ಮಾತ್ರ ಅವರು ಕೊನೆಯವರೆಗೂ ಬಿಡಲಿಲ್ಲ.

1968ರಲ್ಲಿ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆಗಿ ಹೋದರು. ಅವರು ಅಲ್ಲಿದ್ದಾಗಲೇ, 1969ರಲ್ಲಿ, ರಾಷ್ಟ್ರಪತಿ ಚುನಾವಣೆಯ ದೊಡ್ಡ ಕಾಳಗ ನಡೆಯಿತು. ಆ ಕತೆಯನ್ನು ಇಲ್ಲಿ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗದು. ಝಾಕಿರ್ ಹುಸೇನರು ಮೇ ತಿಂಗಳಲ್ಲಿ ತೀರಿಕೊಂಡರು. ಆಗ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರೇ. ಬೆಂಗಳೂರಿನಲ್ಲಿ ಸೇರಿದ ಪಕ್ಷದ ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿದರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಸ್ವತಂತ್ರವಾಗಿ ನಿಂತರು. ಪ್ರಧಾನಿ ಇಂದಿರಾ ಗಾಂಧಿಯವರು ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಆತ್ಮಸಾಕ್ಷಿಯ ಮತವನ್ನು ಕೋರಿದರು. ರೆಡ್ಡಿಯವರ ಯೋಗ್ಯತೆಯ ವಿರುದ್ಧ ಅಶ್ಲೀಲವಾದ ಕರಪತ್ರವೊಂದು ಸಂಸತ್ ಸದಸ್ಯರ ನಡುವೆ ಹರಿದಾಡಿತು. ಗಿರಿಯವರು ಗೆದ್ದರು. ಚುನಾವಣಾ ತಕರಾರು ಸುಪ್ರೀಂ ಕೋರ್ಟಿಗೆ ಹೋಗಿ ಸ್ವತಃ ರಾಷ್ಟ್ರಪತಿಯೇ ಸಾಕ್ಷಿ ಹೇಳಬೇಕಾಯಿತು. ತಕರಾರು ಬಿದ್ದುಹೋಯಿತು, ಆದರೆ ಕಾಂಗ್ರೆಸ್ ಎರಡು ಹೋಳಾಯಿತು. ಅಂದಿನಿಂದ ರಾಷ್ಟ್ರಪತಿ, ಉಪರಾಷ್ಟ್ರಪತಿ ಹುದ್ದೆಗಳಿಗೆ ಯಾರನ್ನು ತಂದರೂ ಈತ ಪ್ರಧಾನಿಯ ಮಾತಿಗೆ ಎದುರಾಡುವವನೋ ಅಲ್ಲವೋ ಎಂಬುದೇ ಯೋಗ್ಯತೆಯ ಅಳತೆಗೋಲಾಯಿತು. ಸಂವಿಧಾನದಲ್ಲಿ ಹೇಳಿದ ಅರ್ಹತೆಗಳಾದರೋ ಬಹಳ ಸರಳ. ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇರಬೇಕು, ಸರಕಾರದ ಲಾಭದ ಹುದ್ದೆಯಲ್ಲಿರಬಾರದು. ಎದೆಗಾರಿಕೆಯ ಮಾತು ಅಲ್ಲಿ ಎಲ್ಲಿಯೂ ಇಲ್ಲ.

ಜತ್ತಿಯವರ ಬಾಳಿನಲ್ಲಿ ನಮಗೆ ಸಮಾಧಾನ ಕೊಡದ ಅಧ್ಯಾಯವೆಂದರೆ ಒರಿಸ್ಸಾದ್ದು. 1972ರ ನವೆಂಬರದಲ್ಲಿ ಅವರು ಅಲ್ಲಿನ ರಾಜ್ಯಪಾಲರಾದರು. 1973ರ ಮಾರ್ಚ್ ಆರಂಭದಲ್ಲಿ ಪಕ್ಷಾಂತರದಿಂದಾಗಿ ಕಾಂಗ್ರೆಸ್ ಮುಖ್ಯಮಂತ್ರಿ ನಂದಿನಿ ಸತ್ಪತಿಯವರು ಬಹುಮತ ಕಳೆದುಕೊಂಡು ರಾಜೀನಾಮೆ ಕೊಟ್ಟರು. ವಿರೋಧಪಕ್ಷಗಳ ಒಕ್ಕೂಟದ ನಾಯಕ ಬಿಜು ಪಟ್ನಾಯಕರು ಬಹುಮತ ತಮಗಿದೆ, ಸರಕಾರ ರಚಿಸಲು ಕರೆಯಿರಿ ಎಂದು ಕೇಳಿದರು. ಜತ್ತಿಯವರು ಕರೆಯಲಿಲ್ಲ. ಸ್ಥಿರ ಸರಕಾರ ಸಾಧ್ಯವಿಲ್ಲವೆಂದು ದಿಲ್ಲಿಗೆ ಬರೆದರು. ಮಾರ್ಚ್ 3ರಂದು ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆಯಾಯಿತು. ಪಟ್ನಾಯಕರು ಒರಿಸ್ಸಾ ಉಚ್ಚ ನ್ಯಾಯಾಲಯಕ್ಕೆ ಹೋದರು. ಘೋಷಣೆಯನ್ನು ರದ್ದುಮಾಡುವ ಅಧಿಕಾರ ತನಗಿಲ್ಲವೆಂದು ನ್ಯಾಯಾಲಯ ಹೇಳಿತಾದರೂ ವಿರೋಧಿ ನಾಯಕರಿಗೆ ಅವಕಾಶ ಕೊಡಬೇಕಾಗಿತ್ತೆಂಬ ಅಭಿಪ್ರಾಯವನ್ನು ಮರೆಮಾಚಲಿಲ್ಲ.

ಇಲ್ಲಿ ಅವರು ಹಿಂದೆಮುಂದೆ ನೋಡಿದ್ದರೆ ಎಷ್ಟು ಚೆನ್ನಾಗಿತ್ತು! ಯಾರಿಗೆ ಬಹುಮತವಿದೆ ಎಂಬುದನ್ನು ಸಭೆಯಲ್ಲಿ ಕೈಯೆತ್ತಿಸಿ ನೋಡಬೇಕು, ರಾಜಭವನದಲ್ಲಿ ಕುಳಿತು ಊಹಿಸಬಾರದು ಎಂದು ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿದ್ದು 1994ರಲ್ಲಿ. ಆ ತೀರ್ಪಿಗೆ ಹೆಸರು ಕೊಟ್ಟವರೂ ಉತ್ತರ ಕರ್ನಾಟಕದ ಇನ್ನೊಬ್ಬ ಕನ್ನಡಿಗರು, ಎಸ್. ಆರ್. ಬೊಮ್ಮಾಯಿ. ಆಗ ಜತ್ತಿಯವರು ಬೆಂಗಳೂರಿನಲ್ಲಿ ವಿಶ್ರಾಂತ ಜೀವನದಲ್ಲಿದ್ದರು.

1974ರ ಆಗಸ್ಟಿನಲ್ಲಿ ಕಾಂಗ್ರೆಸ್ ಅವರನ್ನು ಉಪರಾಷ್ಟ್ರಪತಿ ಸ್ಥಾನಕ್ಕೆ ನಿಲ್ಲಿಸಿತು. ವಿರೋಧಪಕ್ಷಗಳ ಅಭ್ಯರ್ಥಿ ಬಿಹಾರದ ಆದಿವಾಸಿ ನಾಯಕ ಎನ್. ಇ. ಹೊರೊ. ಜತ್ತಿಯವರಿಗೆ 521 ಮತ, ಹೊರೊ ಅವರಿಗೆ 141. ಒರಿಸ್ಸಾದ ನಡವಳಿಕೆಗೆ ಇದು ಬಹುಮಾನವೆಂದು ಟೀಕಿಸಿದವರಿದ್ದರು. ಆ ಟೀಕೆಯಲ್ಲಿ ಹುರುಳಿಲ್ಲವೆಂದು ಹೇಳಲು ನಮಗೆ ಧೈರ್ಯ ಬಾರದು. ಮರುವರ್ಷ ತುರ್ತುಪರಿಸ್ಥಿತಿ ಬಂತು. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ಘೋಷಣೆಗೆ ಸಹಿ ಹಾಕಿದರು. ಮಂತ್ರಿಮಂಡಲ ಸೇರಿದ್ದೇ ಮರುದಿನ ಬೆಳಿಗ್ಗೆ. ಅಂದರೆ ಮಂತ್ರಿಮಂಡಲ ಒಪ್ಪುವ ಮೊದಲೇ ರಾಷ್ಟ್ರಪತಿಯ ಸಹಿ ಬಿದ್ದಿತ್ತು. 1976ರ ಕೊನೆಗೆ 42ನೆಯ ತಿದ್ದುಪಡಿ ಬಂತು. ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದು ಎಂದು ಅದು ಸಂವಿಧಾನದ 74ನೆಯ ವಿಧಿಯಲ್ಲಿ ಸ್ಪಷ್ಟವಾಗಿ ಬರೆಯಿತು. ರಾಜ್ಯಸಭೆಯಲ್ಲಿ ಅದು ಅಂಗೀಕಾರವಾದಾಗ ಆ ಸಭೆಯ ಅಧ್ಯಕ್ಷರು ಪದನಿಮಿತ್ತ ಜತ್ತಿಯವರೇ. ತಮ್ಮ ಕೈಗೆ ಬೀಳಲಿದ್ದ ಕಟ್ಟು ಅದೆಂದು ಅಂದು ಯಾರು ತಿಳಿದಿದ್ದರು?

1977ರ ಫೆಬ್ರವರಿ 11ರಂದು ಫಕ್ರುದ್ದೀನರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅಂದೇ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚಿನ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಸೋತರು. ಮಾರ್ಚ್ 21ರಂದು ಒಳನಾಡಿನ ತುರ್ತುಪರಿಸ್ಥಿತಿಯನ್ನು ರದ್ದುಮಾಡುವ ಘೋಷಣೆ ಜತ್ತಿಯವರ ಹೆಸರಿನಲ್ಲಿಯೇ ಹೊರಬಿತ್ತು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಮುಂಬಯಿಯಲ್ಲಿ ಯಾರ ಕೆಳಗೆ ಕೆಲಸ ಮಾಡಿದ್ದರೋ ಅವರನ್ನೇ ಈಗ ಪ್ರಧಾನಿಯಾಗಿ ನೇಮಿಸುವ ಸರದಿ.

ಆಮೇಲೆ ಬಂದದ್ದೇ ಆ ಸಹಿಯ ಪ್ರಕರಣ. ಉತ್ತರಪ್ರದೇಶದ 85, ಬಿಹಾರದ 54 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಕ್ಕಿರಲಿಲ್ಲ. ಆದರೆ ಅಲ್ಲಿನ ರಾಜ್ಯ ಸರಕಾರಗಳು ಕಾಂಗ್ರೆಸ್ಸಿನವೇ ಆಗಿದ್ದವು. ಜನರ ವಿಶ್ವಾಸ ಹೋಯಿತು, ಆದ್ದರಿಂದ ವಿಸರ್ಜನೆಗೆ ಸಲಹೆ ಕೊಡಿರೆಂದು ಗೃಹಮಂತ್ರಿ ಚರಣಸಿಂಗರು ಏಪ್ರಿಲ್ 18ರಂದು ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಉತ್ತರಪ್ರದೇಶ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಪಂಜಾಬ, ಹರಿಯಾಣ, ಹಿಮಾಚಲ, ಪಶ್ಚಿಮ ಬಂಗಾಳ ಮತ್ತು ಅದೇ ಒರಿಸ್ಸಾ. ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಏಳು ನ್ಯಾಯಾಧೀಶರ ಪೀಠ ಒಮ್ಮತದಿಂದ ದಾವೆಗಳನ್ನು ವಜಾಮಾಡಿತು. ಮಂತ್ರಿಮಂಡಲದ ಶಿಫಾರಸು ಕೂಡಲೇ ರಾಷ್ಟ್ರಪತಿಯ ಕಡೆಗೆ ಹೋಯಿತು.

ಜತ್ತಿಯವರು ಸಹಿ ಹಾಕಲಿಲ್ಲ. ಯೋಚಿಸಲು ಸಮಯ ಬೇಕೆಂದರು.

ದಿಲ್ಲಿಯಲ್ಲಿ ಕೋಲಾಹಲವೆದ್ದಿತು. ಸರಕಾರ ರಾಜೀನಾಮೆಯವರೆಗೂ ಹೋದೀತೆಂಬ ಸುದ್ದಿ ಹಬ್ಬಿತು. 42ನೆಯ ತಿದ್ದುಪಡಿಯ ಪ್ರಕಾರ ಬೇರೆ ದಾರಿಯಿಲ್ಲವೆಂದು ಮಂತ್ರಿಮಂಡಲ ಅವರಿಗೆ ನೆನಪಿಸಿತು. ಆ ತಿದ್ದುಪಡಿಯನ್ನು ಜನತಾ ನಾಯಕರು ಜೈಲಿನಲ್ಲಿದ್ದಾಗ ಶಪಿಸಿದ್ದರು, ಈಗ ಅದೇ ಅವರಿಗೆ ಊರುಗೋಲಾಯಿತು. ಸುಮಾರು ಒಂದು ದಿನ ಹೀಗೆ ಕಳೆಯಿತು. ಏಪ್ರಿಲ್ 30ರಂದು ಜತ್ತಿಯವರು ಸಹಿ ಹಾಕಿದರು. ಜೂನ್ ತಿಂಗಳಲ್ಲಿ ಒಂಬತ್ತೂ ರಾಜ್ಯಗಳಲ್ಲಿ ಚುನಾವಣೆ ನಡೆಯಿತು.

ಈ ವಿಳಂಬಕ್ಕೆ ಅಷ್ಟೊಂದು ಸಿಟ್ಟೇಕೆ ಬಂತೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ ಸದಸ್ಯರು ಮಾತ್ರವಲ್ಲ, ಎಲ್ಲ ವಿಧಾನಸಭೆಗಳ ಚುನಾಯಿತ ಸದಸ್ಯರೂ ಹೌದು. ರಾಷ್ಟ್ರಪತಿ ತೀರಿಕೊಂಡರೆ ಆರು ತಿಂಗಳೊಳಗೆ ಹೊಸ ಚುನಾವಣೆ ಆಗಲೇಬೇಕು. ಅಂದರೆ ಆಗಸ್ಟ್ 11ರೊಳಗೆ. ಹಳೆಯ ಸಭೆಗಳು ಉಳಿದರೆ ಕಾಂಗ್ರೆಸ್ಸಿನ ಮತ ಹೆಚ್ಚು, ಹೋದರೆ ಜನತಾ ಪಕ್ಷದ್ದು ಹೆಚ್ಚು. 1962ರಲ್ಲಿ ರಾಧಾಕೃಷ್ಣನ್, 1967ರಲ್ಲಿ ಝಾಕಿರ್ ಹುಸೇನ್, 1969ರಲ್ಲಿ ಗಿರಿ, ಹೀಗೆ ಉಪರಾಷ್ಟ್ರಪತಿಗಳು ಮೇಲೇರುವುದು ವಾಡಿಕೆಯೇ ಆಗಿತ್ತು. ಕಾಂಗ್ರೆಸ್ಸಿನಿಂದ ಬಂದ ಉಪರಾಷ್ಟ್ರಪತಿಯ ಲೇಖನಿ ಇಂಥ ಹೊತ್ತಿನಲ್ಲಿ ತಡೆದರೆ ಜನ ಒಳಗಿನ ಲೆಕ್ಕ ಹುಡುಕದೆ ಬಿಡುತ್ತಾರೆಯೇ? ಜತ್ತಿಯವರ ಮನಸ್ಸಿನಲ್ಲಿ ಅಂಥ ಲೆಕ್ಕವಿತ್ತೆಂದು ಹೇಳಲು ಆಧಾರ ನಮಗೆ ಕಂಡಿಲ್ಲ. ಲೆಕ್ಕವಿದ್ದವರು ಒಂದೇ ದಿನಕ್ಕೆ ಬಿಟ್ಟುಕೊಡುತ್ತಿದ್ದರೇ ಎಂದೂ ಕೇಳಬಹುದು.

ನಮ್ಮ ಕಡೆಯ ಹಿರಿಯರಿಗೆ ಈ ವಿಷಯದಲ್ಲಿ ಉತ್ತರದವರಷ್ಟು ಕೋಪವಿರಲಿಲ್ಲ. ಅದಕ್ಕೂ ಕಾರಣವಿದೆ. ಅದೇ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ ಹೋಗಿತ್ತು. ಕೇರಳದ ಇಪ್ಪತ್ತಕ್ಕೆ ಇಪ್ಪತ್ತೂ ಕಾಂಗ್ರೆಸ್ ನೇತೃತ್ವದ ಒಕ್ಕೂಟದ ಪಾಲಾಗಿತ್ತು. ದಕ್ಷಿಣದವರ ಕಣ್ಣಿಗೆ ಜತ್ತಿಯವರು ಉತ್ತರದ ಅವಸರಕ್ಕೆ ಅಡ್ಡನಿಂತ ಸಭ್ಯ ಮನುಷ್ಯ, ಉತ್ತರದವರ ಕಣ್ಣಿಗೆ ಇಂದಿರೆಯ ಬಂಟ.

ನಮ್ಮ ಅಭಿಪ್ರಾಯ ಹೀಗಿದೆ. ನ್ಯಾಯಾಲಯ ಹೇಳಿಯಾಗಿತ್ತು, ಸಂವಿಧಾನದ ಮಾತು ಸ್ಪಷ್ಟವಾಗಿತ್ತು, ಆದ್ದರಿಂದ ಸಹಿ ಹಾಕುವುದೇ ಅವರ ಕರ್ತವ್ಯವಾಗಿತ್ತು. ಅದನ್ನು ಅವರು ಮಾಡಿದರು. ಅದಕ್ಕೆ ಮುಂಚೆ ಒಂದು ದಿನ ಯೋಚಿಸಿದ್ದರಿಂದ ದೇಶಕ್ಕೆ ನಷ್ಟವಾಗಲಿಲ್ಲ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಭವನದಲ್ಲಿ ಒಂದು ದಿನದ ಮಾತಿರಲಿ, ಒಂದು ಗಂಟೆಯ ವಿಳಂಬವಾದರೂ ಆಗಿದ್ದರೆ ಎಂದು ಎಷ್ಟೋ ಮನೆಗಳವರು ಹಂಬಲಿಸಿದ್ದಾರೆ. ಜತ್ತಿಯವರನ್ನು ಅಯೋಗ್ಯರೆಂದು ಕರೆಯಲು ಯಾರಿಗಾದರೂ ಕಾರಣ ಬೇಕಿದ್ದರೆ ಭುವನೇಶ್ವರದಲ್ಲಿ ಹುಡುಕಲಿ, ದಿಲ್ಲಿಯಲ್ಲಲ್ಲ. ನಮ್ಮ ಹಿರಿಯ ಸಹೋದ್ಯೋಗಿಗಳು ಇದನ್ನು ಒಪ್ಪುವುದಿಲ್ಲವೆಂದು ನಮಗೆ ಗೊತ್ತಿದೆ. ನಿದ್ದೆ ಮಾಡಬೇಕಾದಲ್ಲಿ ಎದ್ದು, ಎಚ್ಚರಿರಬೇಕಾದಲ್ಲಿ ಮಲಗಿದರೆ ಅದನ್ನು ಆತ್ಮಸಾಕ್ಷಿ ಎನ್ನುತ್ತಾರೆಯೇ ಎಂಬುದು ಅವರ ವಾದ. ಅದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ.

ಜುಲೈ ತಿಂಗಳ ರಾಷ್ಟ್ರಪತಿ ಚುನಾವಣೆಗೆ 37 ಮಂದಿ ನಾಮಪತ್ರ ಸಲ್ಲಿಸಿದರು. ಹತ್ತು ಮಂದಿ ಸೂಚಕರು, ಹತ್ತು ಮಂದಿ ಅನುಮೋದಕರು, 2,500 ರೂಪಾಯಿ ಠೇವಣಿ ಬೇಕೆಂಬ ನಿಯಮ 1974ರಲ್ಲಿಯೇ ಬಂದಿತ್ತು. 36 ನಾಮಪತ್ರಗಳು ತಿರಸ್ಕೃತವಾದವು. ಉಳಿದ ಒಬ್ಬರು ಅವಿರೋಧವಾಗಿ ಆಯ್ಕೆಯಾದರು. ಅವರು ಬೇರಾರೂ ಅಲ್ಲ, 1969ರಲ್ಲಿ ಅಯೋಗ್ಯರೆಂದು ಕೆಸರೆರಚಿಸಿಕೊಂಡ ಅದೇ ಸಂಜೀವ ರೆಡ್ಡಿ. ಜುಲೈ 25ರಂದು ಅವರು ಅಧಿಕಾರ ವಹಿಸಿಕೊಂಡರು. ಐದೂವರೆ ತಿಂಗಳ ಬಳಿಕ ಜತ್ತಿಯವರು ಮತ್ತೆ ರಾಜ್ಯಸಭೆಯ ಅಧ್ಯಕ್ಷಪೀಠಕ್ಕೆ ಮರಳಿದರು. ಅದೇ ಜನತಾ ಸರಕಾರದ ಜೊತೆ ಇನ್ನೆರಡು ವರ್ಷ ಕೆಲಸ ಮಾಡಿದರು, ಜಗಳವೇನೂ ಆಗಲಿಲ್ಲ. 1980ರ ಫೆಬ್ರವರಿಯಲ್ಲಿ ಅಧಿಕಾರಕ್ಕೆ ಮರಳಿದ್ದ ಇಂದಿರಾ ಸರಕಾರವೂ ಒಂಬತ್ತು ವಿಧಾನಸಭೆಗಳನ್ನು ಇದೇ ರೀತಿ ವಿಸರ್ಜಿಸಿತು. ಆ ಹೊತ್ತಿಗೆ ಜತ್ತಿಯವರು ನಿವೃತ್ತರಾಗಿದ್ದರು.

ಇನ್ನೂ ಒಂದು ಸಂಗತಿ. ಜನತಾ ಸರಕಾರವೇ 1978ರಲ್ಲಿ 44ನೆಯ ತಿದ್ದುಪಡಿ ತಂದಿತು. ಮಂತ್ರಿಮಂಡಲದ ಸಲಹೆಯನ್ನು ಇನ್ನೊಮ್ಮೆ ಯೋಚಿಸಿರೆಂದು ರಾಷ್ಟ್ರಪತಿ ಒಂದು ಸಲ ಹಿಂದಕ್ಕೆ ಕಳುಹಿಸಬಹುದು, ಮರಳಿ ಬಂದರೆ ಒಪ್ಪಲೇಬೇಕು ಎಂಬುದು ಅದರಲ್ಲಿ ಸೇರಿತು. ಜತ್ತಿಯವರು ಕಾನೂನಿನ ಬಲವಿಲ್ಲದೆ ಒಂದು ದಿನ ಮಾಡಿದ್ದನ್ನು ಮುಂದಿನವರು ಕಾನೂನಿನ ಬಲದಿಂದಲೇ ಮಾಡುವಂತಾಯಿತು. ಗಡಿಬಿಡಿಯಲ್ಲಿ ಬೈದವರು ಆಮೇಲೆ ತಾವೇ ಬಾಗಿಲು ಇಟ್ಟುಕೊಟ್ಟರು.

1979ರ ಆಗಸ್ಟ್ ಕೊನೆಗೆ ಉಪರಾಷ್ಟ್ರಪತಿಯ ಅವಧಿ ಮುಗಿಯಿತು. ಜತ್ತಿಯವರು ಬೆಂಗಳೂರಿಗೆ ಬಂದು ಬಸವ ಸಮಿತಿಯ ಕೆಲಸದಲ್ಲಿ ತೊಡಗಿದರು. ವಚನಗಳನ್ನು ಅಚ್ಚುಮಾಡಿಸುವುದು, ಬೇರೆ ಭಾಷೆಗಳವರಿಗೆ ತಲುಪಿಸುವುದು, ಉಪನ್ಯಾಸ ಏರ್ಪಡಿಸುವುದು, ಇವೇ ಅವರ ದಿನಚರಿಯಾದವು. ತಮ್ಮ ಆತ್ಮಕಥೆಯನ್ನೂ ಬರೆದರು.

2002ರ ಜೂನ್ 7ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ವಯಸ್ಸು 89. ಆಗ ರಾಷ್ಟ್ರಪತಿ ಭವನದಲ್ಲಿದ್ದವರು ಕೇರಳದ ಕೆ. ಆರ್. ನಾರಾಯಣನ್. 1997ರ ಅಕ್ಟೋಬರಿನಲ್ಲಿ ಉತ್ತರಪ್ರದೇಶಕ್ಕೆ ರಾಷ್ಟ್ರಪತಿ ಆಳ್ವಿಕೆ ಹೇರಬೇಕೆಂದು ಬಂದ ಶಿಫಾರಸನ್ನು ಇನ್ನೊಮ್ಮೆ ಯೋಚಿಸಿರೆಂದು ಮಂತ್ರಿಮಂಡಲಕ್ಕೆ ಹಿಂತಿರುಗಿಸಿದವರು ಅವರು. ಮಂತ್ರಿಮಂಡಲ ಯೋಚಿಸಿತು, ಶಿಫಾರಸನ್ನು ಕೈಬಿಟ್ಟಿತು.